ಮನೆಯಲ್ಲೇ ಗೈಗರ್ ಕೌಂಟರ್: ಕೊಡಗಿನ ಮಳೆಗಾಲದಲ್ಲೂ ನಂಬಬಹುದಾದ ವಿಕಿರಣ ಪತ್ತೆ ಉಪಕರಣವನ್ನು ಕಟ್ಟುವ ಸಮಗ್ರ ಮಾರ್ಗದರ್ಶಿ

ಕಾಲಡಿಯ ಬಂಡೆ, ಕಾಫಿ ತೋಟಕ್ಕೆ ಹಾಕುವ ಪೊಟ್ಯಾಷ್, ಬಾಹ್ಯಾಕಾಶದಿಂದ ಬರುವ ಕಿರಣಗಳು, ರೇಡಾನ್ ಎಂಬ ವಿಕಿರಣಶೀಲ ಅನಿಲ ಕ್ಷಯಿಸಿ ಹುಟ್ಟಿ ಮಳೆಯೊಡನೆ ನೆಲಕ್ಕಿಳಿಯುವ ಪರಮಾಣುಗಳು, ಇವೆಲ್ಲವೂ ಎಲ್ಲ ಕಾಲದಲ್ಲೂ ನಮ್ಮ ಸುತ್ತ ಅಲ್ಪ ಪ್ರಮಾಣದ ವಿಕಿರಣವನ್ನು ಹೊಮ್ಮಿಸುತ್ತಿರುತ್ತವೆ. ಕಣ್ಣಿಗೂ ಮೂಗಿಗೂ ಸಿಗದ ಈ ವಿಕಿರಣವನ್ನು ಒಂದೊಂದಾಗಿ ಎಣಿಸುವ ಉಪಕರಣವನ್ನು ಬೆಸುಗೆ ಹಾಕಲು ಬಲ್ಲ ಯಾರಾದರೂ ಮನೆಯ ಮೇಜಿನ ಮೇಲೆ ಕಟ್ಟಬಹುದು. ಆದರೆ ಉಪಕರಣ 'ಟಿಕ್' ಎಂದು ಸದ್ದು ಮಾಡಿದೊಡನೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಅದು ತೋರಿಸುವ ಸಂಖ್ಯೆಯಲ್ಲಿ ವಿಕಿರಣ ಎಷ್ಟು, ತೇವದಿಂದ ಬಂದದ್ದೆಷ್ಟು, ಕೇವಲ ಆಕಸ್ಮಿಕ ಏರಿಳಿತ ಎಷ್ಟು ಎಂದು ಬೇರ್ಪಡಿಸಿ ಹೇಳಬಲ್ಲವರಿಗೆ ಮಾತ್ರ ಅದು ಉಪಕರಣವಾಗುತ್ತದೆ. ಆದ್ದರಿಂದ ಈ ಬರಹದಲ್ಲಿ ಕಟ್ಟುವ ವಿಧಾನಕ್ಕೆ ಕೊಟ್ಟಷ್ಟೇ ಜಾಗವನ್ನು ಪರೀಕ್ಷಿಸುವ ಮತ್ತು ಎಣಿಸುವ ವಿಧಾನಕ್ಕೂ ಕೊಟ್ಟಿದ್ದೇನೆ.

ಉಪಕರಣ ಕೆಲಸ ಮಾಡುವ ಬಗೆ

ಹಾನ್ಸ್ ಗೈಗರ್ ಮತ್ತು ವಾಲ್ಟರ್ ಮ್ಯುಲರ್ 1928ರಲ್ಲಿ ರೂಪಿಸಿದ ಕೊಳವೆಯೇ ಇಂದಿಗೂ ಈ ಉಪಕರಣದ ಹೃದಯ. ಕಡಿಮೆ ಒತ್ತಡದ ಅನಿಲ ತುಂಬಿದ ಲೋಹದ ಕೊಳವೆಯ ನಡುವೆ ಒಂದು ತೆಳುವಾದ ತಂತಿ ಇರುತ್ತದೆ. ತಂತಿಗೂ ಕೊಳವೆಯ ಗೋಡೆಗೂ ನಡುವೆ ಸುಮಾರು 400 ವೋಲ್ಟ್ ಇಟ್ಟಾಗ, ಒಳಗೆ ನುಗ್ಗಿದ ಒಂದೇ ಒಂದು ಬೀಟಾ ಕಣ ಅಥವಾ ಗ್ಯಾಮಾ ಕಿರಣ ಅನಿಲದ ಕೆಲವು ಪರಮಾಣುಗಳಿಂದ ಎಲೆಕ್ಟ್ರಾನನ್ನು ಬಿಡಿಸಿದರೂ ಸಾಕು, ಆ ಎಲೆಕ್ಟ್ರಾನುಗಳು ತಂತಿಯತ್ತ ಧಾವಿಸುತ್ತಾ ಇನ್ನಷ್ಟು ಪರಮಾಣುಗಳಿಗೆ ಬಡಿದು, ಕ್ಷಣಾರ್ಧದಲ್ಲಿ ಕೊಳವೆಯ ಉದ್ದಕ್ಕೂ ವಿದ್ಯುತ್ ಹರಿಯುವಂತೆ ಮಾಡುತ್ತವೆ. ಅದೇ ಒಂದು ಮಿಡಿತ. ಮಿಡಿತದ ಗಾತ್ರ ಕಿರಣದ ಶಕ್ತಿಯನ್ನು ಅವಲಂಬಿಸುವುದಿಲ್ಲವಾದ್ದರಿಂದ ಈ ಉಪಕರಣ ವಿಕಿರಣದ ಶಕ್ತಿಯನ್ನು ಅಳೆಯದು, ಎಣಿಸುತ್ತದೆ, ಅಷ್ಟೆ.

ಇಂಥ ಕೊಳವೆಗಳಿಂದ ನಡೆದ ಕೆಲಸ ನಮ್ಮ ನಾಡಿಗೆ ಹೊಸದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೋಮಿ ಭಾಭಾ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದುಕೊಂಡು ವಿಶ್ವಕಿರಣಗಳ, ಅಂದರೆ ಬಾಹ್ಯಾಕಾಶದಿಂದ ಬರುವ ಕಿರಣಗಳ, ಅಧ್ಯಯನ ನಡೆಸಿದರು. ಮುಂದೆ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ಇದೇ ವಿಷಯದ ಪ್ರಯೋಗಗಳು ನಡೆದು, 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಸೂಕ್ಷ್ಮ ಕಣಗಳ ಸುಳಿವು ಅಲ್ಲಿ ಸಿಕ್ಕಿತು.

ಇಲ್ಲಿ ನಾನು ಆರಿಸಿಕೊಂಡಿರುವುದು ಸೋವಿಯತ್ ಕಾಲದಿಂದ ತಯಾರಾಗುತ್ತಿರುವ ಎಸ್‌ಬಿಎಂ-20 ಎಂಬ ಕೊಳವೆ. ಇದು ಸುಮಾರು 108 ಮಿಲಿಮೀಟರ್ ಉದ್ದವಿದ್ದು, ತೆಳುವಾದ ಸ್ಟೇನ್‌ಲೆಸ್ ಸ್ಟೀಲ್ ಗೋಡೆಯನ್ನು ಹೊಂದಿದೆ. ಇದರ ಕಾರ್ಯವ್ಯಾಪ್ತಿ 350ರಿಂದ 475 ವೋಲ್ಟ್, ಶಿಫಾರಸು ಮಾಡಿದ ವೋಲ್ಟೇಜ್ 400. ಗಾಜಿನ ಕೊಳವೆಗಳು ಅಗ್ಗವಾಗಿ ಸಿಗುತ್ತವೆ, ಆದರೆ ಅವು ಸುಲಭವಾಗಿ ಒಡೆಯುತ್ತವೆ. ಕೆಲವು ಬೆಳಕಿಗೂ ಸ್ಪಂದಿಸಿ ಸುಳ್ಳು ಎಣಿಕೆ ಕೊಡುತ್ತವೆ. ಮೊದಲ ಸಲ ಕಟ್ಟುವವರಿಗೆ ಲೋಹದ ಕೊಳವೆಯೇ ಒಳ್ಳೆಯದು. ಈ ಕೊಳವೆಯೊಳಗೆ ಆಲ್ಫಾ ಕಣ ನುಗ್ಗಲಾರದು ಎಂಬುದನ್ನು ಮೊದಲೇ ತಿಳಿದಿರಬೇಕು. ರೇಡಾನ್ ಹೊಮ್ಮಿಸುವುದು ಆಲ್ಫಾ ಕಣವನ್ನಾದ್ದರಿಂದ, ಮನೆಯೊಳಗಿನ ಗಾಳಿಯಲ್ಲಿ ಅದು ಎಷ್ಟಿದೆ ಎಂಬ ಪ್ರಶ್ನೆಗೆ ಇದರಿಂದ ಉತ್ತರ ಸಿಗುವುದಿಲ್ಲ.

ಬೇಕಾಗುವ ಸಾಮಾನು

ಕೊಳವೆಯನ್ನು ಅಂತರಜಾಲದ ಮಾರಾಟಗಾರರಿಂದ ತರಿಸಿಕೊಳ್ಳಬೇಕು. ಉಳಿದದ್ದೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ, ಹೆಚ್ಚಿನದು ಮೈಸೂರಿನಲ್ಲೂ ಸಿಗುತ್ತದೆ. ಮಡಿಕೇರಿ, ಗೋಣಿಕೊಪ್ಪಗಳ ರಿಪೇರಿ ಅಂಗಡಿಗಳಲ್ಲಿ ರೆಸಿಸ್ಟರ್, ಟ್ರಾನ್ಸಿಸ್ಟರ್‌ನಂಥ ಬಿಡಿಭಾಗ ಸಿಕ್ಕರೂ 1,000 ವೋಲ್ಟ್ ತಡೆಯುವ ಕೆಪಾಸಿಟರ್ ಮತ್ತು ವೇಗದ ಡಯೋಡಿಗಾಗಿ ಹುಡುಕಬೇಕಾಗಬಹುದು. ಒಂದೇ ಸಲಕ್ಕೆ ಪಟ್ಟಿ ಮಾಡಿ ತರಿಸುವುದು ಜಾಣತನ.

ಅಧಿಕ ವೋಲ್ಟೇಜ್ ಭಾಗಕ್ಕೆ ಒಂದು 555 ಟೈಮರ್ ಐಸಿ, ಐಆರ್‌ಎಫ್ 840 ಮಾಸ್ಫೆಟ್ (ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್), 10 ಮಿಲಿಹೆನ್ರಿಯ ಇಂಡಕ್ಟರ್ (ತಂತಿಯ ಸುರುಳಿ), ಯುಎಫ್ 4007 ಡಯೋಡ್, 100 ವೋಲ್ಟಿನ 1ಎನ್ 4764ಎ ಝೀನರ್ ಡಯೋಡ್ (ನಿಗದಿತ ವೋಲ್ಟೇಜ್ ದಾಟಿದರೆ ಮಾತ್ರ ಹಿಮ್ಮುಖವಾಗಿ ಕರೆಂಟ್ ಬಿಡುವ ಡಯೋಡ್) ನಾಲ್ಕು, 1,000 ವೋಲ್ಟ್ ತಡೆಯುವ 10 ನ್ಯಾನೋಫ್ಯಾರಡ್ ಕೆಪಾಸಿಟರ್ ಎರಡು, ಸಾಮಾನ್ಯ ಬಗೆಯ 10 ನ್ಯಾನೋಫ್ಯಾರಡ್ ಕೆಪಾಸಿಟರ್ ಒಂದು, 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು, 1ಎನ್ 4148 ಡಯೋಡ್ ಒಂದು, ಜೊತೆಗೆ 100 ಓಮ್, 10 ಕಿಲೋಓಮ್, 100 ಕಿಲೋಓಮ್ ಮತ್ತು 1 ಮೆಗಾಓಮ್ ರೆಸಿಸ್ಟರುಗಳು ಬೇಕು. ಎಣಿಕೆಯ ಭಾಗಕ್ಕೆ ಬಿಸಿ 547 (BC547) ಟ್ರಾನ್ಸಿಸ್ಟರ್, 5.1 ಮೆಗಾಓಮ್, 220 ಕಿಲೋಓಮ್, 47 ಕಿಲೋಓಮ್ ಮತ್ತು 10 ಕಿಲೋಓಮ್ ರೆಸಿಸ್ಟರುಗಳು, ಆರ್ಡುಯಿನೋ ನ್ಯಾನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ಎರಡು ಸಾಲಿನ ಎಲ್‌ಸಿಡಿ ಪರದೆ ಮತ್ತು ಸಣ್ಣ ಬಝರ್ ಬೇಕು. ಪರೀಕ್ಷೆಗೆಂದು 10 ಮೆಗಾಓಮ್‌ನ ಹತ್ತು ರೆಸಿಸ್ಟರುಗಳನ್ನು ಬೇರೆಯಾಗಿ ತರಬೇಕು. ಅವುಗಳ ಉಪಯೋಗವನ್ನು ಮುಂದೆ ವಿವರಿಸುತ್ತೇನೆ. ವಿದ್ಯುತ್ತಿಗೆ ಆರು ಎಎ ಸೆಲ್ಲುಗಳು ಸಾಕು. ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದ ಮಳೆಗಾಲದಲ್ಲಿ ಸೆಲ್ಲಿನಿಂದ ನಡೆಯುವ ಉಪಕರಣವೇ ಮೇಲು, ಅಪಾಯವೂ ಕಡಿಮೆ. ಮನೆಯ 230 ವೋಲ್ಟ್ ಲೈನನ್ನು ನೇರವಾಗಿ ಈ ಮಂಡಲಕ್ಕೆ (ಸರ್ಕ್ಯೂಟಿಗೆ) ಯಾವ ಕಾರಣಕ್ಕೂ ಸೇರಿಸಬಾರದು.

ಮೊದಲ ಹಂತ: 9 ವೋಲ್ಟಿನಿಂದ 400 ವೋಲ್ಟ್

ಟೈಮರ್ ಐಸಿಯನ್ನು ತಾನಾಗಿ ಮಿಡಿಯುವಂತೆ ಜೋಡಿಸಬೇಕು. 8ನೆಯ ಮತ್ತು 4ನೆಯ ಪಿನ್ನುಗಳನ್ನು ಧನ ತಂತಿಗೂ 1ನೆಯ ಪಿನ್ನನ್ನು ಋಣ ತಂತಿಗೂ ಸೇರಿಸಿ. ಧನ ತಂತಿಯಿಂದ 7ನೆಯ ಪಿನ್ನಿಗೆ 10 ಕಿಲೋಓಮ್, 7ನೆಯದರಿಂದ 6ನೆಯ ಪಿನ್ನಿಗೆ 100 ಕಿಲೋಓಮ್ ಹಾಕಿ. 6ನೆಯ ಮತ್ತು 2ನೆಯ ಪಿನ್ನುಗಳನ್ನು ಒಂದಕ್ಕೊಂದು ಜೋಡಿಸಿ, ಅಲ್ಲಿಂದ ಋಣ ತಂತಿಗೆ ಸಾಮಾನ್ಯ ಬಗೆಯ 10 ನ್ಯಾನೋಫ್ಯಾರಡ್ ಕೆಪಾಸಿಟರ್ ಕೊಡಿ. 100 ಕಿಲೋಓಮ್ ರೆಸಿಸ್ಟರಿಗೆ ಸಮಾಂತರವಾಗಿ 1ಎನ್ 4148 ಡಯೋಡನ್ನು, ಅದರ ಪಟ್ಟಿಯಿರುವ ತುದಿ 6ನೆಯ ಪಿನ್ನಿನ ಕಡೆ ಇರುವಂತೆ ಹಾಕಬೇಕು. ಈ ಡಯೋಡ್ ಇರುವುದರಿಂದ ಕೆಪಾಸಿಟರ್ 10 ಕಿಲೋಓಮ್ ಮೂಲಕ ಬೇಗನೆ ತುಂಬಿ, 100 ಕಿಲೋಓಮ್ ಮೂಲಕ ನಿಧಾನವಾಗಿ ಖಾಲಿಯಾಗುತ್ತದೆ. ಪರಿಣಾಮವಾಗಿ 3ನೆಯ ಪಿನ್ನಿನ ಉತ್ಪನ್ನ ಸುಮಾರು 70 ಮೈಕ್ರೋಸೆಕೆಂಡ್ ಕಾಲ ಮೇಲಿದ್ದು, ಆಮೇಲೆ ಸುಮಾರು 700 ಮೈಕ್ರೋಸೆಕೆಂಡ್ ಕೆಳಗಿರುತ್ತದೆ.

3ನೆಯ ಪಿನ್ನಿನಿಂದ 100 ಓಮ್ ಮೂಲಕ ಮಾಸ್ಫೆಟ್‌ನ ಗೇಟಿಗೆ ತಂತಿ ಕೊಡಿ. ಸೋರ್ಸನ್ನು ಋಣ ತಂತಿಗೆ ಸೇರಿಸಿ. ಡ್ರೇನಿಗೂ ಧನ ತಂತಿಗೂ ನಡುವೆ ಇಂಡಕ್ಟರ್ ಬರಬೇಕು; ಇಂಡಕ್ಟರ್‌ನ ಧನ ತುದಿಗೆ ಹತ್ತಿರದಲ್ಲೇ 100 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಋಣ ತಂತಿಗೆ ಹಾಕಬೇಕು. ಮಾಸ್ಫೆಟ್ ತೆರೆದಿರುವ 70 ಮೈಕ್ರೋಸೆಕೆಂಡಿನಲ್ಲಿ ಇಂಡಕ್ಟರಿನ ಕರೆಂಟ್ ಸುಮಾರು 60 ಮಿಲಿಆಂಪಿಯರ್‌ವರೆಗೆ ಏರುತ್ತದೆ. ಮಾಸ್ಫೆಟ್ ಥಟ್ಟನೆ ಮುಚ್ಚಿದಾಗ ಆ ಕರೆಂಟಿಗೆ ದಾರಿ ತಪ್ಪಿ, ಡ್ರೇನಿನ ವೋಲ್ಟೇಜ್ ನೂರಾರು ವೋಲ್ಟಿಗೆ ಚಿಮ್ಮುತ್ತದೆ. ಡ್ರೇನಿನಿಂದ ಯುಎಫ್ 4007 ಡಯೋಡ್ ಮೂಲಕ ಆ ಶಕ್ತಿಯನ್ನು 1,000 ವೋಲ್ಟಿನ ಮೊದಲ ಕೆಪಾಸಿಟರಿಗೆ ತುಂಬಬೇಕು. ಡಯೋಡಿನ ಪಟ್ಟಿ ಕೆಪಾಸಿಟರಿನ ಕಡೆಗಿರಲಿ. ಎಲ್ಲೆಡೆ ಸಿಗುವ 1ಎನ್ 4007 ಇಲ್ಲಿ ಸಲ್ಲದು, ಏಕೆಂದರೆ ಅದು ಮುಚ್ಚಿಕೊಳ್ಳಲು ತೆಗೆದುಕೊಳ್ಳುವ ಸಮಯದಲ್ಲೇ ತುಂಬಿದ ಶಕ್ತಿಯ ಒಂದು ಪಾಲು ಹಿಂದಕ್ಕೆ ಹರಿದುಹೋಗುತ್ತದೆ.

ಹೀಗೆಯೇ ಬಿಟ್ಟರೆ ವೋಲ್ಟೇಜ್ ಏರುತ್ತಾ ಹೋಗಿ, 500 ವೋಲ್ಟ್ ಮಾತ್ರ ತಡೆಯುವ ಮಾಸ್ಫೆಟ್ಟನ್ನೂ ಕೊಳವೆಯನ್ನೂ ಹಾಳುಮಾಡಬಹುದು. ಅದಕ್ಕಾಗಿಯೇ ನಾಲ್ಕು ಝೀನರ್ ಡಯೋಡುಗಳನ್ನು ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಜೋಡಿಸಿ, ಪಟ್ಟಿಯ ತುದಿಗಳೆಲ್ಲ ಅಧಿಕ ವೋಲ್ಟೇಜ್ ಕಡೆಗಿರುವಂತೆ, ಆ ಕೆಪಾಸಿಟರಿಗೆ ಸಮಾಂತರವಾಗಿ ಹಾಕಬೇಕು. ವೋಲ್ಟೇಜನ್ನು ನಿಯಂತ್ರಿಸಲು ಇದಕ್ಕಿಂತ ಮಿತವ್ಯಯದ ಮಂಡಲಗಳಿವೆಯಾದರೂ ನಾನು ಇದನ್ನೇ ಶಿಫಾರಸು ಮಾಡುತ್ತೇನೆ. ಪ್ರತಿ ಝೀನರ್‌ನ ಮೌಲ್ಯ ಶೇಕಡಾ 5ರಷ್ಟು ಆಚೀಚೆಯಾದರೂ ಒಟ್ಟು ವೋಲ್ಟೇಜ್ 380ರಿಂದ 420ರ ಒಳಗೇ ನಿಲ್ಲುತ್ತದೆ, ಮತ್ತು ಆ ಇಡೀ ವ್ಯಾಪ್ತಿ ಕೊಳವೆಯ ಕಾರ್ಯವ್ಯಾಪ್ತಿಯ ನಡುವಿನಲ್ಲಿದೆ. ತಿರುಗಿಸಿ ಹೊಂದಿಸಬೇಕಾದ ಪೊಟೆನ್ಶಿಯೋಮೀಟರ್ ಇಲ್ಲದಿರುವುದರಿಂದ ತೇವಕ್ಕೆ ಅದು ಕಿಲುಬು ಹಿಡಿಯುವ ಚಿಂತೆಯೂ ಇಲ್ಲ. ಝೀನರ್ ದಾಟಿದ ಮೇಲೆ 1 ಮೆಗಾಓಮ್ ರೆಸಿಸ್ಟರ್ ಮೂಲಕ ಎರಡನೆಯ ಅಧಿಕ ವೋಲ್ಟೇಜ್ ಕೆಪಾಸಿಟರಿಗೆ ಹೋದರೆ ಉಳಿದ ಏರಿಳಿತವೂ ತಣಿಯುತ್ತದೆ.

ಈ ಮಂಡಲದ ಕರೆಂಟ್ ಬಹಳ ಕಡಿಮೆ. ಒಂದೊಂದು ಅಧಿಕ ವೋಲ್ಟೇಜ್ ಕೆಪಾಸಿಟರಿನಲ್ಲೂ ಸಂಗ್ರಹವಾಗುವ ಶಕ್ತಿ ಒಂದು ಮಿಲಿಜೂಲಿಗಿಂತಲೂ ಕಡಿಮೆ. ಹಾಗಿದ್ದರೂ ಮುಟ್ಟಿದರೆ ಚುರುಕ್ಕೆನ್ನುತ್ತದೆ, ಕೈ ಥಟ್ಟನೆ ಹಿಂದಕ್ಕೆ ಬಂದು ಬಿಸಿ ಸೋಲ್ಡರಿಂಗ್ ಐರನ್ನಿಗೆ ತಾಗಬಹುದು. ಸೆಲ್ ತೆಗೆದ ಮೇಲೆ ಎರಡೂ ಕೆಪಾಸಿಟರುಗಳ ತುದಿಗಳಿಗೆ 1 ಮೆಗಾಓಮ್ ರೆಸಿಸ್ಟರನ್ನು ಒಂದೆರಡು ಸೆಕೆಂಡ್ ತಾಗಿಸಿ ಖಾಲಿ ಮಾಡಿದ ನಂತರವೇ ಬೋರ್ಡಿಗೆ ಕೈ ಹಾಕುವ ಅಭ್ಯಾಸ ಮೊದಲ ದಿನದಿಂದಲೇ ಬೇಕು. ಮಕ್ಕಳು ಜೊತೆಗಿದ್ದರೆ ಈ ಹಂತವನ್ನು ದೊಡ್ಡವರೇ ಮಾಡಬೇಕು.

ಎರಡನೆಯ ಹಂತ: ವೋಲ್ಟೇಜನ್ನು ಸರಿಯಾಗಿ ಅಳೆಯುವುದು

ಕೊಳವೆಯನ್ನು ಜೋಡಿಸುವ ಮುನ್ನ 400 ವೋಲ್ಟ್ ಬಂದಿದೆಯೇ ಎಂದು ನೋಡಬೇಕು. ಸಾಮಾನ್ಯ ಡಿಜಿಟಲ್ ಮಲ್ಟಿಮೀಟರಿನ ಒಳಗಿನ ತಡೆ 10 ಮೆಗಾಓಮ್. ಇಷ್ಟು ದುರ್ಬಲವಾದ ಮೂಲಕ್ಕೆ ಅದೇ ಒಂದು ದೊಡ್ಡ ಹೊರೆಯಾಗಿ, ಇರುವ ವೋಲ್ಟೇಜಿಗಿಂತ ಕಡಿಮೆ ತೋರಿಸುತ್ತದೆ. ಕಡಿಮೆ ಇದೆಯೆಂದು ನಂಬಿ ಝೀನರ್ ಹೆಚ್ಚಿಸಿದವರ ಕೊಳವೆಗಳು ಹಾಳಾಗುವುದು ಹೀಗೆಯೇ. ಇದಕ್ಕೆ ಪರಿಹಾರ ಸರಳ. 10 ಮೆಗಾಓಮ್‌ನ ಹತ್ತು ರೆಸಿಸ್ಟರುಗಳನ್ನು ಸರಣಿಯಲ್ಲಿ ಬೆಸೆದು, ಅದರ ಒಂದು ತುದಿಯನ್ನು ಮೊದಲ ಕೆಪಾಸಿಟರಿನ ಧನ ತುದಿಗೂ ಇನ್ನೊಂದನ್ನು ಮೀಟರಿನ ಕೆಂಪು ತಂತಿಗೂ ತಾಗಿಸಿ, ಕಪ್ಪು ತಂತಿಯನ್ನು ಋಣಕ್ಕೆ ಕೊಡಿ. ಒಟ್ಟು 110 ಮೆಗಾಓಮ್‌ನಲ್ಲಿ ಮೀಟರಿನ ಪಾಲು 10 ಆದ್ದರಿಂದ, ಪರದೆಯ ಸಂಖ್ಯೆಯನ್ನು 11ರಿಂದ ಗುಣಿಸಬೇಕು. ಸುಮಾರು 36 ವೋಲ್ಟ್ ಕಂಡರೆ ನಿಮ್ಮ ಮಂಡಲ 400 ವೋಲ್ಟ್ ಕೊಡುತ್ತಿದೆ. 43 ವೋಲ್ಟ್ ದಾಟಿದರೆ, ಅಂದರೆ 475ರ ಹತ್ತಿರ ಬಂದರೆ, ಯಾವುದೋ ಝೀನರ್ ತಪ್ಪಾಗಿದೆ ಅಥವಾ ಬೆಸುಗೆ ಬಿಟ್ಟಿದೆ, ಕೊಳವೆಯನ್ನು ಜೋಡಿಸಬಾರದು.

ಮೂರನೆಯ ಹಂತ: ಮಿಡಿತವನ್ನು ಎಣಿಕೆಯಾಗಿಸುವುದು

ಎರಡನೆಯ ಕೆಪಾಸಿಟರಿನಿಂದ 5.1 ಮೆಗಾಓಮ್ ಮೂಲಕ ಕೊಳವೆಯ ಧನಾಗ್ರಕ್ಕೆ, ಅಂದರೆ ಕೂಡಿಸುವ ಚಿಹ್ನೆಯಿರುವ ತುದಿಗೆ, ವೋಲ್ಟೇಜ್ ಕೊಡಬೇಕು. 5.1 ಸಿಗದಿದ್ದರೆ 4.7 ಮೆಗಾಓಮ್ ಮತ್ತು 470 ಕಿಲೋಓಮ್ ಎರಡನ್ನು ಸರಣಿಯಲ್ಲಿ ಹಾಕಿದರೆ ಸಾಕು. ಈ ರೆಸಿಸ್ಟರ್ ಕೊಳವೆಯ ತುದಿಗೆ ಅಂಟಿಕೊಂಡಂತೆ ಇರಬೇಕೇ ಹೊರತು ಉದ್ದ ತಂತಿಯ ಆಚೆ ಅಲ್ಲ. ಉದ್ದ ತಂತಿಯ ಧಾರಕತೆಯಲ್ಲಿ ಕೂಡಿಟ್ಟ ವಿದ್ಯುದಂಶವೂ ಪ್ರತಿ ಮಿಡಿತದಲ್ಲಿ ಕೊಳವೆಯೊಳಗೆ ಸುರಿದು ಅದರ ಆಯುಷ್ಯವನ್ನು ತಿನ್ನುತ್ತದೆ.

ಕೊಳವೆಯ ಇನ್ನೊಂದು ತುದಿ ಋಣಾಗ್ರ. ಅಲ್ಲಿಂದ ಋಣ ತಂತಿಗೆ 220 ಕಿಲೋಓಮ್, ಹಾಗೂ ಬಿಸಿ 547 ಟ್ರಾನ್ಸಿಸ್ಟರಿನ ಬೇಸಿಗೆ 10 ಕಿಲೋಓಮ್ ಕೊಡಿ. ಎಮಿಟರ್ ಋಣಕ್ಕೆ ಹೋಗಲಿ. ಕಲೆಕ್ಟರನ್ನು 47 ಕಿಲೋಓಮ್ ಮೂಲಕ ಆರ್ಡುಯಿನೋದ 5 ವೋಲ್ಟಿಗೂ, ನೇರವಾಗಿ ಅದರ ಡಿ2 ಪಿನ್ನಿಗೂ ಸೇರಿಸಿ. ಕಿರಣ ಬಂದಾಗಲೆಲ್ಲ ಕಲೆಕ್ಟರ್ ಒಂದು ಕ್ಷಣ ಸೊನ್ನೆಗೆ ಬೀಳುತ್ತದೆ. ಕೊಳವೆಯ ತುದಿಗೆ ನೇರವಾಗಿ ಬೆಸುಗೆ ಹಾಕಿದರೆ ಶಾಖಕ್ಕೆ ಅದರ ಮುದ್ರೆ ಬಿರುಕು ಬಿಡುತ್ತದೆ. ಹಿತ್ತಾಳೆಯ ತಗಡನ್ನು ಬಗ್ಗಿಸಿ ಹಿಡಿಕೆ ಮಾಡಿಕೊಳ್ಳಬೇಕು.

ಪ್ರೋಗ್ರಾಂ ಚಿಕ್ಕದು. ಡಿ2 ಪಿನ್ ಮೇಲಿನಿಂದ ಕೆಳಕ್ಕೆ ಬಿದ್ದಾಗ ನಡೆಯುವ ಇಂಟರಪ್ಟಿನಲ್ಲಿ (ಬೇರೆ ಕೆಲಸವನ್ನು ತಡೆದು ತಕ್ಷಣ ನಡೆಯುವ ಪ್ರೋಗ್ರಾಂ ಭಾಗದಲ್ಲಿ) ಎಣಿಕೆಯನ್ನು ಒಂದು ಹೆಚ್ಚಿಸುವುದನ್ನು ಬಿಟ್ಟು ಬೇರೇನೂ ಮಾಡಬಾರದು. ಪರದೆಗೆ ಬರೆಯುವುದು, ಬಝರ್ ಬಾರಿಸುವುದು ಮುಖ್ಯ ಸುತ್ತಿನಲ್ಲಿರಲಿ. ಎಣಿಕೆಯ ಚಲಕವನ್ನು 'ವೊಲಟೈಲ್' ಎಂದು ಘೋಷಿಸಬೇಕು, ಅದನ್ನು ಓದುವ ಕ್ಷಣದಲ್ಲಿ ಇಂಟರಪ್ಟನ್ನು ತಡೆದಿರಬೇಕು. ಒಂದು ಮಿಡಿತದ ನಂತರ ಸುಮಾರು 200 ಮೈಕ್ರೋಸೆಕೆಂಡ್ ಒಳಗೆ ಬಂದ ಮಿಡಿತವನ್ನು ಬಿಟ್ಟುಬಿಡಬಹುದು, ಏಕೆಂದರೆ ಕೊಳವೆಗೇ ಚೇತರಿಸಿಕೊಳ್ಳಲು ಸುಮಾರು ಅಷ್ಟು ಕಾಲ ಬೇಕು. ಪರದೆಯ ಮೊದಲ ಸಾಲಿನಲ್ಲಿ ಕಳೆದ ನಿಮಿಷದ ಎಣಿಕೆ, ಎರಡನೆಯ ಸಾಲಿನಲ್ಲಿ ಆರಂಭದಿಂದ ಆದ ಒಟ್ಟು ಎಣಿಕೆ ಮತ್ತು ಒಟ್ಟು ನಿಮಿಷ ಇರಲಿ. ಈ ಎರಡನೆಯ ಸಾಲೇ ಮುಖ್ಯ ಎಂಬುದು ಮುಂದೆ ತಿಳಿಯುತ್ತದೆ.

ದೇಹಕ್ಕೆ ತಗಲುವ ವಿಕಿರಣದ ಪ್ರಮಾಣವನ್ನು ಹೇಳುವ ಮೈಕ್ರೋಸೀವರ್ಟ್ ಸಂಖ್ಯೆಯನ್ನು ಪರದೆಯಲ್ಲಿ ತೋರಿಸಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಈ ಕೊಳವೆಗೆ ಗಂಟೆಗೆ 1 ಮೈಕ್ರೋಸೀವರ್ಟ್ ಎಂದರೆ ನಿಮಿಷಕ್ಕೆ ಸುಮಾರು 130ರಿಂದ 175 ಎಣಿಕೆ ಎಂಬ ಪರಿವರ್ತನೆ ಬಳಕೆಯಲ್ಲಿದೆಯಾದರೂ, ಅದು ಸೀಸಿಯಂ-137, ಕೋಬಾಲ್ಟ್-60ರಂಥ ನಿರ್ದಿಷ್ಟ ಮೂಲಗಳ ಗ್ಯಾಮಾ ಕಿರಣಕ್ಕೆ ಮಾತ್ರ ಅನ್ವಯಿಸುತ್ತದೆ. ಪೊಟ್ಯಾಷಿನ ಬೀಟಾ ಕಣಗಳನ್ನು ಎಣಿಸಿ ಅದನ್ನು ಮೈಕ್ರೋಸೀವರ್ಟಿಗೆ ಪರಿವರ್ತಿಸಿದರೆ ಬರುವುದು ಅರ್ಥವಿಲ್ಲದ ಸಂಖ್ಯೆ. ಅದನ್ನು ನೋಡಿ ಮನೆಯವರು ಹೆದರುವುದೂ ಅನ್ಯಾಯ.

ನಾಲ್ಕನೆಯ ಹಂತ: ತೇವವನ್ನು ಹೊರಗಿಡುವುದು

ಬೇರೆ ಊರಿನವರಿಗಾಗಿ ಬರೆದ ಮಾರ್ಗದರ್ಶಿಗಳಲ್ಲಿ ಈ ಹಂತಕ್ಕೆ ಒಂದು ಸಾಲೂ ಇರುವುದಿಲ್ಲ. ಕೊಡಗಿನಲ್ಲಿ ಉಪಕರಣದ ಅಳಿವು ಉಳಿವು ಇದನ್ನೇ ನೆಚ್ಚಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಕೊಡವರ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ, ಗೋಡೆ ಬೆವರುತ್ತದೆ, ಬಟ್ಟೆ ವಾರವಾದರೂ ಒಣಗುವುದಿಲ್ಲ, ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ಬೆಸುಗೆ ಹಾಕುವಾಗ ಬೋರ್ಡಿನ ಮೇಲೆ ಉಳಿದ ಅಂಟಾದ ಫ್ಲಕ್ಸ್ ಈ ತೇವವನ್ನು ಹೀರಿಕೊಂಡು ವಿದ್ಯುತ್ ಸೋರುವ ದಾರಿಯಾಗುತ್ತದೆ. ಲೆಕ್ಕ ಹಾಕಿ ನೋಡಿದರೆ ಇದರ ತೀವ್ರತೆ ತಿಳಿಯುತ್ತದೆ. ಕೊಳವೆಯ ಧನಾಗ್ರದಿಂದ ಋಣ ತಂತಿಗೆ ತೇವದ ಮೂಲಕ 100 ಮೆಗಾಓಮ್‌ನ ದಾರಿಯಾದರೆ, 5.1 ಮೆಗಾಓಮ್ ರೆಸಿಸ್ಟರಿನಲ್ಲಿ ಸುಮಾರು 20 ವೋಲ್ಟ್ ಕಳೆದುಹೋಗುತ್ತದೆ, ಕೊಳವೆ ಅದನ್ನು ಸಹಿಸಿಕೊಳ್ಳುತ್ತದೆ. ಅದೇ ದಾರಿ 20 ಮೆಗಾಓಮ್‌ಗೆ ಇಳಿದರೆ ಕೊಳವೆಗೆ ಉಳಿಯುವುದು 320 ವೋಲ್ಟಿನ ಆಸುಪಾಸು ಮಾತ್ರ. ಆಗ ಎಣಿಕೆ ಕುಸಿಯುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ಮಳೆ ಬಂದರೆ ವಿಕಿರಣ ಕಡಿಮೆಯಾಗುತ್ತದೆ ಎಂಬ ತಲೆಕೆಳಗಾದ ತೀರ್ಮಾನಕ್ಕೆ ಅದು ದಾರಿ ಮಾಡಿಕೊಡುತ್ತದೆ.

ಆದ್ದರಿಂದ ಅಧಿಕ ವೋಲ್ಟೇಜಿನ ಬಿಂದುಗಳ ಸುತ್ತ ಕನಿಷ್ಠ 3 ಮಿಲಿಮೀಟರ್ ಅಂತರ ಬಿಡಬೇಕು. ರಂಧ್ರದ ಬೋರ್ಡ್ ಆಗಿದ್ದರೆ ನಡುವಿನ ತಾಮ್ರದ ಬಿಲ್ಲೆಗಳನ್ನು ಕೆತ್ತಿ ತೆಗೆಯಬೇಕು. ಬೆಸುಗೆ ಮುಗಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಕಂದು ಕಲೆ ಒಂದೂ ಉಳಿಯದಂತೆ ತೊಳೆಯಬೇಕು. ಬಳಿಕ ಬೋರ್ಡನ್ನು ಚೆನ್ನಾಗಿ ಒಣಗಿಸಿ, ತೇವ ಹಿಡಿಯದಂತೆ ಎಲೆಕ್ಟ್ರಾನಿಕ್ ಬೋರ್ಡುಗಳಿಗೆ ಬಳಿಯುವ ಪಾರದರ್ಶಕ ಅಕ್ರಿಲಿಕ್ ಲೇಪನವನ್ನು ಎರಡು ಸಲ ಹಚ್ಚಬೇಕು. ಲೇಪನ ಹಚ್ಚಲು ಫೆಬ್ರವರಿ, ಮಾರ್ಚ್‌ನ ಬಿಸಿಲಿಗಿಂತ ಒಳ್ಳೆಯ ಕಾಲವಿಲ್ಲ. ಮಳೆಗಾಲದಲ್ಲೇ ಕಟ್ಟಬೇಕಾದವರು ಬೋರ್ಡನ್ನು ಅಡುಗೆಮನೆಯ ಒಲೆಯ ಹತ್ತಿರ, ಹೊಗೆ ತಾಗದ ಬೆಚ್ಚನೆಯ ಜಾಗದಲ್ಲಿ ರಾತ್ರಿಯಿಡೀ ಇಟ್ಟು ಒಣಗಿಸಿ ಹಚ್ಚಬೇಕು. ತೇವವನ್ನು ಒಳಗೇ ಇಟ್ಟು ಲೇಪನ ಹಚ್ಚಿದರೆ ಹಚ್ಚದಿರುವುದಕ್ಕಿಂತ ಕೇಡು.

ಎಲ್ಲವನ್ನೂ ರಬ್ಬರ್ ಅಂಚಿನ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಒಂದು ಸಿಲಿಕಾ ಜೆಲ್ ಚೀಲ ಹಾಕಿ. ಕೊಳವೆಯ ಮುಂದೆ ಡಬ್ಬಿಯ ಗೋಡೆಯಲ್ಲಿ ಕೊಳವೆಯಷ್ಟೇ ಉದ್ದದ ಕಿಟಕಿ ಕೊರೆದು, ತೆಳುವಾದ ಪಾಲಿಥೀನ್ ಹಾಳೆಯಿಂದ ಮುಚ್ಚಿ ಅಂಟಿಸಬೇಕು. ದಪ್ಪ ಪ್ಲಾಸ್ಟಿಕ್ ಬೀಟಾ ಕಣಗಳನ್ನು ತಡೆಯುತ್ತದೆ, ತೆಳು ಹಾಳೆ ತೇವವನ್ನು ತಡೆದು ಕಣಗಳನ್ನು ಬಿಡುತ್ತದೆ.

ಐದನೆಯ ಹಂತ: ಸೊನ್ನೆ, ಹಿನ್ನೆಲೆ, ಪೊಟ್ಯಾಷ್

ಮೊದಲು ಕೊಳವೆಯನ್ನು ಹಿಡಿಕೆಯಿಂದ ತೆಗೆದು, ಉಳಿದೆಲ್ಲವನ್ನೂ ಚಾಲೂ ಮಾಡಿ ಹತ್ತು ನಿಮಿಷ ಬಿಡಿ. ಎಣಿಕೆ ಸೊನ್ನೆಯಾಗಿರಬೇಕು. ಸೆಕೆಂಡಿಗೆ ಸಾವಿರದಷ್ಟು ಬಂದರೆ ಟೈಮರಿನ ಸದ್ದು ಡಿ2 ಪಿನ್ನಿಗೆ ನುಸುಳುತ್ತಿದೆ, ಋಣ ತಂತಿಯ ಜೋಡಣೆಯನ್ನು ಗಟ್ಟಿಮಾಡಬೇಕು. ಒಂದೆರಡು ಸೆಕೆಂಡಿಗೊಮ್ಮೆ ಗಡಿಯಾರದಂತೆ ತಪ್ಪದೆ ಎಣಿಕೆ ಬಂದರೆ ತೋಟದ ಸೋಲಾರ್ ಬೇಲಿಯನ್ನು ಅನುಮಾನಿಸಿ. ಆನೆಯ ಬೇಲಿಯ ಯಂತ್ರ ಸುಮಾರು ಸೆಕೆಂಡಿಗೊಮ್ಮೆ ಸಾವಿರಾರು ವೋಲ್ಟಿನ ಮಿಡಿತ ಕಳುಹಿಸುತ್ತದೆ, ಉಪಕರಣ ಬೇಲಿಯ ಹತ್ತಿರವಿದ್ದರೆ ಅದನ್ನು ಹೆಕ್ಕಿಕೊಳ್ಳಬಹುದು. ವಿಕಿರಣ ಎಂದೂ ಹಾಗೆ ಸಮನಾಗಿ ಬರುವುದಿಲ್ಲ. ಹೆಂಚಿನ ಮೇಲೆ ಬೀಳುವ ಮಳೆಯ ಮೊದಲ ಹನಿಗಳಂತೆ ಎರಡು ಒಟ್ಟಿಗೆ ಬರುತ್ತವೆ, ಆಮೇಲೆ ತುಸು ಹೊತ್ತು ಏನೂ ಇರುವುದಿಲ್ಲ. ಸಿಡಿಲು ಹೊಡೆಯುವಾಗ, ನೀರಿನ ಪಂಪು ಚಾಲೂ ಆಗುವಾಗ ಬಂದ ಎಣಿಕೆಗಳನ್ನೂ ನಂಬಬಾರದು.

ಸೊನ್ನೆ ಖಚಿತವಾದ ಮೇಲೆ ಕೊಳವೆಯನ್ನು ಜೋಡಿಸಿ. ಈ ಕೊಳವೆ ಸಾಮಾನ್ಯವಾಗಿ ನಿಮಿಷಕ್ಕೆ 15ರಿಂದ 30ರ ನಡುವೆ ಹಿನ್ನೆಲೆ ಎಣಿಕೆ, ಅಂದರೆ ಹತ್ತಿರ ವಿಶೇಷ ಮೂಲ ಯಾವುದೂ ಇಲ್ಲದಾಗಲೂ ಬರುವ ಎಣಿಕೆ, ಕೊಡುತ್ತದೆ. ಒಂದು ನಿಮಿಷ 14, ಮುಂದಿನ ನಿಮಿಷ 27 ಬಂದರೆ ಗಾಬರಿಯಾಗಬೇಕಿಲ್ಲ. ಎಣಿಕೆಯಲ್ಲಿ ಸಹಜವಾಗಿ ಇರುವ ಏರಿಳಿತ ಆ ಎಣಿಕೆಯ ವರ್ಗಮೂಲದಷ್ಟು. ನಿಮಿಷಕ್ಕೆ 20 ಸರಾಸರಿ ಇದ್ದರೆ ಒಂದು ನಿಮಿಷದ ಎಣಿಕೆಯಲ್ಲಿ ನಾಲ್ಕೈದರಷ್ಟು ಆಚೀಚೆಯಾಗುವುದು ಸಾಮಾನ್ಯ, ಅದರ ಎರಡರಷ್ಟೂ ಆಗಾಗ ಆಗುತ್ತದೆ. ಹತ್ತು ನಿಮಿಷ ಎಣಿಸಿದರೆ 200ಕ್ಕೆ 14, ಅಂದರೆ ಶೇಕಡಾ 7. ಒಂದು ದಿನವಿಡೀ ಎಣಿಸಿದರೆ 28,800ಕ್ಕೆ 170, ಅಂದರೆ ಶೇಕಡಾ 1ಕ್ಕಿಂತಲೂ ಕಡಿಮೆ. ದುಬಾರಿ ಉಪಕರಣ ಕೊಡುವ ನಿಖರತೆಯ ಬಹುಪಾಲನ್ನು ಹೀಗೆ ಸಮಯ ಕೊಟ್ಟೇ ಪಡೆಯಬಹುದು. ಹೊಸ ಉಪಕರಣವನ್ನು ಮನೆಯ ಒಂದೇ ಜಾಗದಲ್ಲಿಟ್ಟು ಪೂರ್ತಿ ಒಂದು ದಿನದ ಹಿನ್ನೆಲೆಯನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡ ನಂತರವೇ ಬೇರೆ ಪರೀಕ್ಷೆಗೆ ಹೋಗಬೇಕು.

ಪರೀಕ್ಷೆಗೆ ವಿಕಿರಣದ ಮೂಲವನ್ನು ಎಲ್ಲಿಂದಲೋ ತರುವ ಅಗತ್ಯವಿಲ್ಲ, ತರಲೂಬಾರದು. ತೋಟದ ಗೊಬ್ಬರದ ಕೋಣೆಯಲ್ಲೇ ಅದು ಇದೆ. ಎಂಒಪಿ ಎಂದು ನಾವು ಕರೆಯುವ ಪೊಟ್ಯಾಷ್ ಗೊಬ್ಬರದ ಅರ್ಧದಷ್ಟು ತೂಕ ಪೊಟ್ಯಾಸಿಯಂ. ನಿಸರ್ಗದ ಎಲ್ಲ ಪೊಟ್ಯಾಸಿಯಂನಲ್ಲೂ ಪೊಟ್ಯಾಸಿಯಂ-40 ಎಂಬ ವಿಕಿರಣಶೀಲ ರೂಪ ಅತ್ಯಲ್ಪ ಪಾಲಿನಲ್ಲಿದ್ದು, ಒಂದು ಗ್ರಾಂ ಪೊಟ್ಯಾಸಿಯಂನಲ್ಲಿ ಸೆಕೆಂಡಿಗೆ ಸುಮಾರು 31 ಪರಮಾಣುಗಳು ಕ್ಷಯಿಸುತ್ತವೆ. ಹೀಗೆ ಒಂದು ಕಿಲೋ ಗೊಬ್ಬರದಲ್ಲಿ ಸೆಕೆಂಡಿಗೆ 15,000ಕ್ಕೂ ಹೆಚ್ಚು ಕ್ಷಯಗಳಾಗುತ್ತವೆ. ಇವುಗಳಲ್ಲಿ ಹತ್ತರಲ್ಲಿ ಒಂಬತ್ತರಷ್ಟು ಬೀಟಾ ಕಣಗಳನ್ನು ಕೊಡುತ್ತವೆ. ಗೊಬ್ಬರವನ್ನು ಕೈಯಲ್ಲಿ ಹಿಡಿಯಲು ಇದರಿಂದ ಯಾವ ಅಪಾಯವೂ ಇಲ್ಲ. ನಮ್ಮ ದೇಹದಲ್ಲೂ ಇದೇ ಪೊಟ್ಯಾಸಿಯಂ ಇದೆ.

ತೆಳು ಪಾಲಿಥೀನ್ ಚೀಲದಲ್ಲಿ ಅರ್ಧ ಕಿಲೋ ಪೊಟ್ಯಾಷ್, ಅಂಥದ್ದೇ ಇನ್ನೊಂದು ಚೀಲದಲ್ಲಿ ಅರ್ಧ ಕಿಲೋ ಯೂರಿಯಾ ತುಂಬಿ. ಯೂರಿಯಾದಲ್ಲಿ ಪೊಟ್ಯಾಸಿಯಂ ಇಲ್ಲ, ಅದೇ ನಮ್ಮ ಹೋಲಿಕೆಯ ಚೀಲ. ಒಂದೊಂದನ್ನೂ ಕಿಟಕಿಗೆ ಒತ್ತಿಟ್ಟು ಹತ್ತು ಹತ್ತು ನಿಮಿಷ ಎಣಿಸಿ. ಉದಾಹರಣೆಗೆ ಪೊಟ್ಯಾಷಿಗೆ 290, ಯೂರಿಯಾಗೆ 205 ಬಂತೆಂದು ಇಟ್ಟುಕೊಳ್ಳೋಣ. ವ್ಯತ್ಯಾಸ 85, ಎರಡೂ ಎಣಿಕೆಗಳ ಮೊತ್ತದ ವರ್ಗಮೂಲ ಸುಮಾರು 22. ವ್ಯತ್ಯಾಸ ಅದರ ನಾಲ್ಕರಷ್ಟಿರುವುದರಿಂದ ಉಪಕರಣ ನಿಜವಾಗಿಯೂ ಪೊಟ್ಯಾಷನ್ನು ಕಂಡಿದೆ ಎನ್ನಬಹುದು. ಒಂದೇ ನಿಮಿಷ ಎಣಿಸಿ 24 ಮತ್ತು 19 ಬಂದಿದ್ದರೆ ಏನನ್ನೂ ಹೇಳುವಂತಿರಲಿಲ್ಲ. ಈಗ ಚೀಲಕ್ಕೂ ಕಿಟಕಿಗೂ ನಡುವೆ ರೊಟ್ಟಿ ಸುಡುವ ಕಬ್ಬಿಣದ ಕಾವಲಿಯನ್ನು ಇಟ್ಟರೆ ಹೆಚ್ಚಳದ ಬಹುಪಾಲು ಮಾಯವಾಗುತ್ತದೆ, ಏಕೆಂದರೆ ಬೀಟಾ ಕಣ ಕಬ್ಬಿಣವನ್ನು ದಾಟದು. ಬಾಳೆಹಣ್ಣಿನ ವಿಕಿರಣವನ್ನು ಮನೆಯಲ್ಲೇ ಅಳೆದೆವು ಎಂಬ ಮಾತನ್ನು ಮಾತ್ರ ನಂಬಬೇಡಿ. ಒಂದು ಹಣ್ಣಿನಲ್ಲಿರುವ ಅರ್ಧ ಗ್ರಾಂನಷ್ಟು ಪೊಟ್ಯಾಸಿಯಂ ಈ ಕೊಳವೆಯ ಕಣ್ಣಿಗೆ ಬೀಳುವುದಿಲ್ಲ.

ವೋಲ್ಟೇಜ್ ಸರಿಯಾದ ನೆಲೆಯಲ್ಲಿದೆಯೇ ಎಂದು ತಿಳಿಯಲೂ ಇದೇ ಚೀಲ ಸಾಕು. ನಾಲ್ಕು ಝೀನರ್‌ಗಳಲ್ಲಿ ಒಂದನ್ನು 75 ವೋಲ್ಟಿನದಕ್ಕೆ ಬದಲಿಸಿ 375 ವೋಲ್ಟಿನಲ್ಲಿ ಅರ್ಧ ಗಂಟೆ, ಮತ್ತೆ 400ರಲ್ಲಿ ಅರ್ಧ ಗಂಟೆ ಎಣಿಸಿ. ಎರಡೂ ಹೆಚ್ಚುಕಡಿಮೆ ಒಂದೇ ಬಂದರೆ ಕೊಳವೆ ತನ್ನ ಸಮತಟ್ಟಿನ ಮೇಲಿದೆ, ಅಂದರೆ ವೋಲ್ಟೇಜ್ ತುಸು ಬದಲಾದರೂ ಎಣಿಕೆ ಬದಲಾಗದ ವ್ಯಾಪ್ತಿಯಲ್ಲಿದೆ. 375ರಲ್ಲಿ ಎಣಿಕೆ ಬಹಳ ಕುಸಿದರೆ ಕೊಳವೆ ಹಳತಾಗಿದೆ ಅಥವಾ ಎಲ್ಲೋ ಸೋರಿಕೆ ಇದೆ.

ಮಳೆಯನ್ನು ಎಣಿಸುವುದು

ಈ ಉಪಕರಣದಿಂದ ಕೊಡಗಿನಲ್ಲಿ ಮಾಡಬಹುದಾದ ಅತ್ಯುತ್ತಮ ಪ್ರಯೋಗ ಇದು. ಬಂಡೆ, ಮಣ್ಣುಗಳಲ್ಲಿರುವ ಯುರೇನಿಯಂ ಕ್ಷಯಿಸುತ್ತಾ ಹೋದಂತೆ ರೇಡಾನ್ ಅನಿಲ ಹುಟ್ಟಿ ಗಾಳಿಗೆ ಸೇರುತ್ತದೆ. ಅದು ಮತ್ತೆ ಕ್ಷಯಿಸಿ ಸೀಸ-214, ಬಿಸ್ಮತ್-214 ಎಂಬ ಲೋಹದ ಪರಮಾಣುಗಳಾಗಿ ಗಾಳಿಯ ಧೂಳಿಗೂ ಮೋಡದ ಹನಿಗಳಿಗೂ ಅಂಟಿಕೊಳ್ಳುತ್ತದೆ. ಮಳೆ ಅವನ್ನು ತೊಳೆದು ನೆಲಕ್ಕಿಳಿಸುತ್ತದೆ. ಒಣ ಹವೆಯ ನಂತರ ಬರುವ ಮೊದಲ ಮಳೆಯಲ್ಲಿ, ಅಂದರೆ ಕಾಫಿಯ ಹೂಮಳೆಯಲ್ಲಿ ಅಥವಾ ಮುಂಗಾರಿನ ಆರಂಭದ ಮಳೆಯಲ್ಲಿ, ಇದು ಚೆನ್ನಾಗಿ ಕಾಣುವ ಸಾಧ್ಯತೆ ಹೆಚ್ಚು. ದಿನಗಟ್ಟಲೆ ಬಿಡದೆ ಸುರಿದ ಮಳೆಯಲ್ಲಿ ಕಡಿಮೆ.

ಮಳೆ ಶುರುವಾಗುವ ಲಕ್ಷಣ ಕಂಡೊಡನೆ ಒಂದು ಶುದ್ಧವಾದ ಪ್ಲಾಸ್ಟಿಕ್ ಹಾಳೆಯನ್ನು ಅಂಗಳದಲ್ಲಿ ಅಥವಾ ಕಾಫಿ ಒಣಗಿಸುವ ಕಣದಲ್ಲಿ ಹರಡಿ. ಹತ್ತು ಹದಿನೈದು ನಿಮಿಷ ಮಳೆ ಬಿದ್ದ ಮೇಲೆ ಹಾಳೆಯ ಮೇಲ್ಮೈಯನ್ನು ಒಂದೇ ಟಿಶ್ಯೂ ಕಾಗದದಿಂದ ಒರೆಸಿ, ಹಿಂಡಿ, ತೆಳು ಪಾಲಿಥೀನ್ ಚೀಲದಲ್ಲಿಟ್ಟು ಕಿಟಕಿಗೆ ಒತ್ತಿಡಿ. ಎಷ್ಟು ಬೇಗ ಎಣಿಕೆ ಶುರುಮಾಡುತ್ತೀರೋ ಅಷ್ಟು ಒಳ್ಳೆಯದು. ಮೊದಲ ಗಂಟೆಯಲ್ಲಿ ಐದೈದು ನಿಮಿಷದ ಎಣಿಕೆಗಳನ್ನು, ಆಮೇಲೆ ಹತ್ತು ಹತ್ತು ನಿಮಿಷದವನ್ನು ಬರೆದುಕೊಳ್ಳಿ. ಸೀಸ-214ರ ಅರ್ಧಾಯು (ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ) ಸುಮಾರು 27 ನಿಮಿಷ, ಬಿಸ್ಮತ್-214ರದು ಸುಮಾರು 20 ನಿಮಿಷ; ಎರಡೂ ಸೇರಿ ಹಿನ್ನೆಲೆಯ ಮೇಲಿನ ಹೆಚ್ಚಳ ಸುಮಾರು ಅರ್ಧ ಗಂಟೆಗೊಮ್ಮೆ ಅರ್ಧವಾಗುತ್ತಾ, ಮೂರು ನಾಲ್ಕು ಗಂಟೆಯಲ್ಲಿ ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. ಹೋಲಿಕೆಗಾಗಿ, ಹಿಂದಿನ ದಿನ ಪಾತ್ರೆಯಲ್ಲಿ ತುಂಬಿಟ್ಟ ನೀರಿನಲ್ಲಿ ಅದ್ದಿದ ಇನ್ನೊಂದು ಟಿಶ್ಯೂವನ್ನೂ ಅದೇ ರೀತಿ ಎಣಿಸಬೇಕು. ಹೆಚ್ಚಳವನ್ನು ಗ್ರಾಫ್ ಕಾಗದದ ಮೇಲೆ ಗುರುತಿಸಿದರೆ ಶಾಲೆಯ ಮಕ್ಕಳೂ ಅರ್ಧಾಯುವನ್ನು ತಾವೇ ಕಂಡುಹಿಡಿಯಬಹುದು. ಈ ವಿಕಿರಣ ಮನುಷ್ಯರು ಹುಟ್ಟುವ ಮೊದಲಿನಿಂದಲೂ ಮಳೆಯೊಡನೆ ಬೀಳುತ್ತಿರುವಂಥದ್ದು, ಅದಕ್ಕಾಗಿ ಮಳೆನೀರನ್ನು ಶಂಕಿಸಬೇಕಿಲ್ಲ.

ಎತ್ತರದ ಪ್ರಯೋಗವನ್ನೂ ಹಲವರು ಮಾಡಬಯಸುತ್ತಾರೆ. ಮಂಗಳೂರಿನ ಕಡಲತೀರದಿಂದ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಗೆ, ಅಲ್ಲಿಂದ 1,748 ಮೀಟರಿನ ತಡಿಯಂಡಮೋಳ್ ಶಿಖರಕ್ಕೆ ಏರಿದಂತೆ ವಿಶ್ವಕಿರಣ ಹೆಚ್ಚುವುದು ನಿಜ. ಆದರೆ ಕಾಲಡಿಯ ಕಲ್ಲು ಊರೂರಿಗೆ ಬೇರೆಯಾದ್ದರಿಂದ ಎಣಿಕೆಯ ವ್ಯತ್ಯಾಸವನ್ನೆಲ್ಲ ಎತ್ತರದ ಲೆಕ್ಕಕ್ಕೆ ಹಾಕಲಾಗದು. ನೆಲದ ಪಾಲನ್ನು ಕಳೆಯಲು ಒಂದು ಉಪಾಯವಿದೆ: ದೋಣಿ ವಿಹಾರಕ್ಕೆ ಅನುಮತಿ ಇರುವ ನಿಂತ ನೀರಿನಲ್ಲಿ, ದಡದಿಂದ ದೂರ, ಎರಡು ಮೀಟರಿಗಿಂತ ಆಳವಿರುವಲ್ಲಿ ಅರ್ಧ ಗಂಟೆ ಎಣಿಸಿ. ನೆಲದ ಗ್ಯಾಮಾ ಕಿರಣವನ್ನು ನೀರು ಬಹುಮಟ್ಟಿಗೆ ತಡೆಯುವುದರಿಂದ ಉಳಿಯುವುದು ಹೆಚ್ಚಾಗಿ ಮೇಲಿನಿಂದ ಬರುವ ಪಾಲು ಮತ್ತು ಕೊಳವೆಯ ಸ್ವಂತ ಎಣಿಕೆ.

ಎಣಿಕೆ ಏಕಾಏಕಿ ಏರಿದರೆ

ಹಿನ್ನೆಲೆಯ ಎರಡರಷ್ಟು, ಮೂರರಷ್ಟು ಎಣಿಕೆ ಬಂದಾಗ ಮೊದಲು ಉಪಕರಣವನ್ನೇ ಸಂಶಯಿಸಬೇಕು. ಕೊಳವೆ ತೆಗೆದು ಸೊನ್ನೆಯನ್ನು ನೋಡಿ, ವೋಲ್ಟೇಜ್ ಅಳೆಯಿರಿ, ಸಿಲಿಕಾ ಜೆಲ್ ಬದಲಿಸಿ, ಬೇಲಿ ಮತ್ತು ಪಂಪಿನಿಂದ ದೂರ ಹೋಗಿ ಹತ್ತು ನಿಮಿಷ ಎಣಿಸಿ. ಆಗಷ್ಟೇ ಮಳೆ ಬಂದಿದ್ದರೆ ನಾಲ್ಕು ಗಂಟೆ ಕಾಯಿರಿ. ಹತ್ತಿರದಲ್ಲಿ ಪೊಟ್ಯಾಷ್ ಅಥವಾ ರಾಕ್ ಫಾಸ್ಫೇಟ್ ಮೂಟೆಗಳಿದ್ದರೆ ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ರಾಕ್ ಫಾಸ್ಫೇಟ್‌ನಲ್ಲಿ ಅಲ್ಪ ಪ್ರಮಾಣದ ಯುರೇನಿಯಂ ಇರುತ್ತದೆ. ಹಳೆಯ ಪೆಟ್ರೋಮ್ಯಾಕ್ಸ್ ದೀಪದ ಮ್ಯಾಂಟಲ್‌ಗಳಲ್ಲಿ ಥೋರಿಯಂ ಇರಬಹುದು. ಅವು ಎಣಿಕೆಯನ್ನು ಎದ್ದುಕಾಣುವಂತೆ ಏರಿಸುತ್ತವೆ, ಆದರೆ ಸುಟ್ಟ ಮ್ಯಾಂಟಲ್‌ನ ಪುಡಿ ಉಸಿರಿನೊಳಗೆ ಹೋಗಬಾರದ್ದರಿಂದ ಅವನ್ನು ಪ್ರಯೋಗಕ್ಕೆ ಬಳಸದಿರುವುದೇ ಸರಿ.

ಇಷ್ಟೆಲ್ಲ ನೋಡಿದ ಮೇಲೂ ಒಂದು ವಸ್ತುವಿನ ಹತ್ತಿರ ಮಾತ್ರ, ಪ್ರತಿ ಸಲವೂ, ಎಣಿಕೆ ಹಲವು ಪಟ್ಟು ಏರುತ್ತಿದ್ದರೆ, ಅದರಲ್ಲೂ ಅದು ಗುಜರಿಯಿಂದ ಬಂದ ಭಾರವಾದ ಲೋಹದ ತುಂಡಾಗಿದ್ದರೆ, ಅದನ್ನು ಮುಟ್ಟಬಾರದು, ಕತ್ತರಿಸಬಾರದು, ಬೇರೆಡೆಗೆ ಸಾಗಿಸಲೂಬಾರದು. ದೂರ ಸರಿದು, ಇತರರನ್ನೂ ದೂರವಿರಿಸಿ, ಪೊಲೀಸರಿಗೆ ಅಥವಾ ಜಿಲ್ಲಾಡಳಿತಕ್ಕೆ ತಿಳಿಸಬೇಕು. ದೇಶದಲ್ಲಿ ವಿಕಿರಣ ಸುರಕ್ಷತೆಯ ಹೊಣೆ ಹೊತ್ತಿರುವುದು 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. ಮಾಪನಾಂಕಿತ ಉಪಕರಣಗಳಿಂದ ಅಳೆದು ತೀರ್ಮಾನ ಹೇಳುವುದು ತಜ್ಞರ ಕೆಲಸ. ಅವರಿಗೆ ತೋರಿಸಲು ದಿನಾಂಕ, ಸ್ಥಳ, ವಸ್ತುವಿನಿಂದ ಇದ್ದ ದೂರ, ಎಣಿಸಿದ ನಿಮಿಷ, ಒಟ್ಟು ಎಣಿಕೆ ಮತ್ತು ಆ ದಿನದ ಹಿನ್ನೆಲೆ ಎಣಿಕೆ, ಇಷ್ಟನ್ನು ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.